ನಾಲ್ಕು ಲಕ್ಷ ಜನರೂ ಇಲ್ಲದ ನಾಡಿನಲ್ಲಿ ಪತ್ರಿಕೆಗಳು ಬದುಕಿದ್ದು ಹೇಗೆ?

ಓದುಗರ ಪ್ರಶ್ನೆ: ಐಸ್‌ಲ್ಯಾಂಡಿನ ಜನಸಂಖ್ಯೆ ನಾಲ್ಕು ಲಕ್ಷಕ್ಕಿಂತ ಕಡಿಮೆ ಎಂದು ಓದಿದೆ. ಆದರೂ ಅವರದೇ ಭಾಷೆಯಲ್ಲಿ ದಿನಪತ್ರಿಕೆ, ಸಾಹಿತ್ಯ ಪತ್ರಿಕೆ ಎಲ್ಲ ಇವೆಯಂತೆ. ಇಷ್ಟು ಕಡಿಮೆ ಓದುಗರನ್ನು ನಂಬಿ ಪತ್ರಿಕೆ ನಡೆಸಲು ಹೇಗೆ ಸಾಧ್ಯವಾಯಿತು? ಮೊದಲ ಪತ್ರಿಕೆ ಯಾವುದು? ಈಗ ಅಲ್ಲಿನ ಸ್ಥಿತಿ ಏನು? ಹಳೆಯ ಸಂಚಿಕೆಗಳನ್ನು ನಾವು ನೋಡಬಹುದಾ?

ಉತ್ತರ:

ಓದುಗರು ಜಾಸ್ತಿ ಇದ್ದರೆ ಚಂದಾ ಬರುತ್ತದೆ, ಜಾಹೀರಾತು ಬರುತ್ತದೆ, ಪತ್ರಿಕೆ ನಡೆಯುತ್ತದೆ ಎನ್ನುವುದು ನಮಗೆಲ್ಲ ಗೊತ್ತಿರುವ ಲೆಕ್ಕ. ಐಸ್‌ಲ್ಯಾಂಡಿನಲ್ಲಿ ಈ ಲೆಕ್ಕ ಕೂಡಿ ಬಂದ ವರ್ಷಗಳು ತೀರಾ ಕಡಿಮೆ. ಅಲ್ಲಿ ಪ್ರತಿ ಪತ್ರಿಕೆಯ ಬೆನ್ನಿಗೂ ಯಾರಾದರೊಬ್ಬರು ನಿಂತಿರುತ್ತಿದ್ದರು. ಮೊದಲು ಒಬ್ಬ ದೊಡ್ಡ ಅಧಿಕಾರಿ, ನಂತರ ಸಾಹಿತ್ಯ ಸಂಘ, ನಂತರ ವರ್ತಕರು, ರಾಜಕೀಯ ಪಕ್ಷಗಳು, ಈಗ ಮೀನುಗಾರಿಕೆ ಕಂಪನಿಗಳು. ಹಾಗಾಗಿ ಅಲ್ಲಿನ ಪತ್ರಿಕಾ ಇತಿಹಾಸ ಓದುವಾಗ ನಾನು ಎರಡು ಪ್ರಶ್ನೆಗಳನ್ನು ಕೈಲಿ ಹಿಡಿದುಕೊಂಡಿರುತ್ತೇನೆ. ಅಚ್ಚಿನ ಯಂತ್ರ ಯಾರ ಕೈಯಲ್ಲಿತ್ತು? ದುಡ್ಡು ಯಾರದು?

ಆದರೆ ದುಡ್ಡೊಂದೇ ಸಾಕಾಗಿದ್ದರೆ ಆ ಪತ್ರಿಕೆಗಳನ್ನು ಯಾರೂ ಓದುತ್ತಿರಲಿಲ್ಲ. ಅಲ್ಲಿನ ಓದುಗರು ಬರೀ ಓದುಗರಾಗಿ ಉಳಿಯಲಿಲ್ಲ. ರೈತ, ಪಾದ್ರಿ, ಮೀನುಗಾರ, ಮನೆಯೊಡತಿ ಎಲ್ಲರೂ ಪತ್ರಿಕೆಗೆ ಬರೆದರು. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇಲ್ಲಿ.

ಮೊದಲು ಓದುವ ಅಭ್ಯಾಸದ ಬಗ್ಗೆ ಹೇಳಬೇಕು. 1703ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 50,000 ಜನ. ಊರು, ಪೇಟೆ ಅನ್ನುವಂಥದ್ದು ಹೆಚ್ಚುಕಡಿಮೆ ಇರಲಿಲ್ಲ. ದೂರ ದೂರಕ್ಕೆ ಒಂದೊಂದು ಹೊಲಮನೆ. ಸಾಮಾನ್ಯ ಮಕ್ಕಳಿಗೆ ಶಾಲೆಗಳೂ ಇಲ್ಲ. 1740ರ ದಶಕದಲ್ಲಿ, ಆಗ ಐಸ್‌ಲ್ಯಾಂಡನ್ನು ಆಳುತ್ತಿದ್ದ ಡೆನ್ಮಾರ್ಕಿನಿಂದ ಬಂದ ಲುಡ್ವಿಗ್ ಹಾರ್ಬೋ ಎಂಬ ಪಾದ್ರಿ ದೇಶ ಸುತ್ತಿ, ಎಷ್ಟು ಜನಕ್ಕೆ ಓದಲು ಬರುತ್ತದೆ ಎಂದು ಪರೀಕ್ಷೆ ಮಾಡಿದ. ಆಮೇಲೆ ಚರ್ಚ್ ಒಂದು ಕಟ್ಟುಪಾಡು ತಂದಿತು. ಮಕ್ಕಳಿಗೆ ಮನೆಯಲ್ಲೇ ಓದು ಕಲಿಸಬೇಕು, ಪಾದ್ರಿ ಮನೆಮನೆಗೆ ಹೋಗಿ ಅದನ್ನು ನೋಡಬೇಕು. ಆ ಶತಮಾನ ಮುಗಿಯುವ ಹೊತ್ತಿಗೆ ಬಡ ರೈತರ ಮನೆಯಲ್ಲೂ ಓದಬಲ್ಲವರು ಇದ್ದರು.

ಚಳಿಗಾಲದಲ್ಲಿ ಅಲ್ಲಿ ಹಗಲು ಕೆಲವೇ ಗಂಟೆ. ಸಂಜೆ ಹುಲ್ಲುಹೆಂಟೆಯ ಮನೆಯೊಳಗೆ ಎಲ್ಲರೂ ಸೇರಿ ಉಣ್ಣೆ ನೂಲುತ್ತಾ, ಹೆಣೆಯುತ್ತಾ ಕೂರುತ್ತಿದ್ದರು. ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು. ಹಳೆಯ ಸಾಗಾ ಕಥೆ, ಧರ್ಮಗ್ರಂಥ, ರೀಮುರ್ ಎಂಬ ಕಥನಗೀತೆಗಳು. ಇದಕ್ಕೆ ಕ್ವೋಲ್ಡ್‌ವಾಕಾ ಎನ್ನುತ್ತಾರೆ. ಮುಂದೆ ಪತ್ರಿಕೆ ಬಂದಾಗ ಅದೂ ಈ ಓದಿಗೆ ಸೇರಿಕೊಂಡಿತು. ಒಂದು ಪ್ರತಿ ಬಂದರೆ ಇಡೀ ಮನೆ ಕೇಳುತ್ತಿತ್ತು. ಆಮೇಲೆ ಅದು ಪಕ್ಕದ ಹೊಲಮನೆಗೆ ಹೋಗುತ್ತಿತ್ತು. ಚಂದಾದಾರರ ಸಂಖ್ಯೆ ನೋಡಿ ಓದುಗರ ಸಂಖ್ಯೆ ಅಂದಾಜು ಮಾಡಿದರೆ ಇಲ್ಲಿ ಪೂರ್ತಿ ದಾರಿ ತಪ್ಪುತ್ತೇವೆ.

ಈಗ ಅಚ್ಚಿನ ಯಂತ್ರಕ್ಕೆ ಬರೋಣ. ಐಸ್‌ಲ್ಯಾಂಡಿಗೆ ಅದು ಬಂದದ್ದು ಆಶ್ಚರ್ಯ ಆಗುವಷ್ಟು ಬೇಗ, 1530ರ ಸುಮಾರಿಗೆ. ತಂದವರು ಉತ್ತರ ಭಾಗದ ಹೋಲಾರ್ ಎಂಬಲ್ಲಿದ್ದ ಕ್ಯಾಥೊಲಿಕ್ ಬಿಷಪ್ ಯೋನ್ ಅರಾಸೋನ್. ಡೆನ್ಮಾರ್ಕಿನ ದೊರೆ ಹೇರಿದ ಹೊಸ ಧರ್ಮಕ್ಕೆ ತಲೆಬಾಗದ ಅವರ ತಲೆಯನ್ನು 1550ರಲ್ಲಿ ಕಡಿಯಲಾಯಿತು. ಅವರ ಯಂತ್ರ ಮಾತ್ರ ಹೊಸ ಲೂಥರನ್ ಚರ್ಚಿನ ಕೈಗೆ ಬಂತು. 1584ರಲ್ಲಿ ಹೋಲಾರಿನಲ್ಲೇ ಪೂರ್ತಿ ಬೈಬಲ್ ಐಸ್‌ಲ್ಯಾಂಡಿಕ್ ಭಾಷೆಯಲ್ಲಿ ಅಚ್ಚಾಯಿತು. ಸುಮಾರು 500 ಪ್ರತಿ. ಆ ಭಾಷೆ ಡೇನಿಶ್‌ನಲ್ಲಿ ಕರಗಿ ಹೋಗದೆ ಉಳಿಯಲು ಈ ಬೈಬಲ್ ದೊಡ್ಡ ಕಾರಣ ಎಂದು ಇತಿಹಾಸಕಾರರು ಹೇಳುತ್ತಾರೆ. ಅವರ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಮುಂದಿನ ಎರಡು ಶತಮಾನ ಆ ದೇಶದಲ್ಲಿ ಅಚ್ಚು ಎಂದರೆ ಚರ್ಚಿನ ಅಚ್ಚು. ಸುದ್ದಿಗೆ ಅಲ್ಲಿ ಜಾಗ ಇರಲಿಲ್ಲ.

ಚರ್ಚಿನ ಕೈ ಸಡಿಲಾದದ್ದು 1773ರಲ್ಲಿ. ಪಶ್ಚಿಮ ಕರಾವಳಿಯ ಹ್ರಾಪ್‌ಸೇ ಎಂಬ ಪುಟ್ಟ ದ್ವೀಪದಲ್ಲಿ ಒಬ್ಬ ಅನುಕೂಲಸ್ಥ ರೈತನ ಮನೆಯಲ್ಲಿ ಎರಡನೇ ಯಂತ್ರ ನಿಂತಿತು. ಧರ್ಮದ ಪುಸ್ತಕ ಮುಟ್ಟಬಾರದು, ಉಳಿದದ್ದು ಏನು ಬೇಕಾದರೂ ಅಚ್ಚು ಹಾಕಬಹುದು ಎಂಬ ಷರತ್ತಿನ ಮೇಲೆ ದೊರೆಯ ಅನುಮತಿ ಸಿಕ್ಕಿತು. ಅದೇ ವರ್ಷ ಅಲ್ಲಿಂದ ದೇಶದ ಮೊದಲ ನಿಯತಕಾಲಿಕ ಹೊರಬಂತು, ‘ಇಸ್ಲಾಂಡ್‌ಸ್ಕೆ ಮಾನೆಡ್ಸ್ ಟಿಡೆಂಡರ್’. ಸಂಪಾದಕರು ಜಿಲ್ಲಾಧಿಕಾರಿಯಾಗಿದ್ದ ಮಗ್ನುಸ್ ಕೆತಿಲ್‌ಸೋನ್. ವಿಚಿತ್ರ ಎಂದರೆ ಅದರ ಭಾಷೆ ಡೇನಿಶ್. ಆಳುವವರ ಭಾಷೆಯಲ್ಲಿ, ಆಳುವವರಿಗೆ ಐಸ್‌ಲ್ಯಾಂಡಿನ ಸುದ್ದಿ ಹೇಳುವ ಪತ್ರಿಕೆ. 1776ಕ್ಕೆ ನಿಂತುಹೋಯಿತು. ಹಾಗಾಗಿ ಮೊದಲ ಪತ್ರಿಕೆ ಯಾವುದು ಎಂಬ ನಿಮ್ಮ ಪ್ರಶ್ನೆಗೆ ಕಾಲದ ಲೆಕ್ಕದಲ್ಲಿ ಇದೇ ಉತ್ತರ. ಆದರೆ ಅಲ್ಲಿನ ಜನ ತಮ್ಮ ಮೊದಲ ಪತ್ರಿಕೆ ಎಂದು ಪ್ರೀತಿಯಿಂದ ಹೇಳುವುದು ಇನ್ನೊಂದನ್ನು. ಅದಕ್ಕೆ ಇನ್ನೂ 75 ವರ್ಷ ಕಾಯಬೇಕು.

ನಡುವೆ ಒಬ್ಬ ಮನುಷ್ಯ ಬರುತ್ತಾರೆ, ಮಗ್ನುಸ್ ಸ್ತೆಫೆನ್ಸೆನ್. ದೇಶದ ಮುಖ್ಯ ನ್ಯಾಯಾಧೀಶರು, ಯುರೋಪಿನ ಹೊಸ ವಿಚಾರಗಳನ್ನು ನಂಬಿದವರು. ಅವರು ಕಟ್ಟಿದ ಸಂಘ ಹ್ರಾಪ್‌ಸೇ ಯಂತ್ರವನ್ನು ಕೊಂಡಿತು. 1799ರಲ್ಲಿ ಹೋಲಾರಿನ ಹಳೆಯ ಯಂತ್ರವೂ ಅವರ ಕಡೆಗೇ ಬಂತು. ಅಲ್ಲಿಂದ ಅರ್ಧ ಶತಮಾನ ಇಡೀ ದೇಶಕ್ಕೆ ಒಂದೇ ಒಂದು ಮುದ್ರಣಾಲಯ. ಸ್ತೆಫೆನ್ಸೆನ್ ಮನೆ ಬದಲಿಸಿದಾಗ ಅದೂ ಅವರ ಹಿಂದೆ ಹೋಗುತ್ತಿತ್ತು. ಕೊನೆಗೆ ರಾಜಧಾನಿ ರೇಕ್ಯಾವಿಕ್ ಎದುರಿಗಿನ ವಿದೇ ದ್ವೀಪಕ್ಕೆ ಬಂತು.

1796ರಿಂದ 1808ರವರೆಗೆ ಅವರು ‘ಮಿನ್ನಿಸ್‌ವೆರ್ದ್ ತೀದಿಂದಿ’ ಎಂಬ ಪತ್ರಿಕೆ ತಂದರು. ಫ್ರೆಂಚ್ ಕ್ರಾಂತಿಯ ಸುದ್ದಿಯನ್ನು ಐಸ್‌ಲ್ಯಾಂಡಿನ ರೈತ ತನ್ನ ಭಾಷೆಯಲ್ಲಿ ಓದಿದ್ದು ಅದರಲ್ಲೇ. 1818ರಿಂದ ‘ಕ್ಲೌಸ್ತುರ್‌ಪೋಸ್ತುರಿನ್’ ಎಂಬ ಮಾಸಪತ್ರಿಕೆ. ಹೆಚ್ಚುಕಡಿಮೆ ಎಲ್ಲವನ್ನೂ ಅವರೇ ಬರೆಯುತ್ತಿದ್ದರು. ಜನರಿಗೆ ಬುದ್ಧಿ ಹೇಳಿ ಎತ್ತಬೇಕು ಎಂಬ ಹಟ ಅವರದು. ಜನ ಅಷ್ಟೇ ಹಟದಿಂದ ಸಿಟ್ಟಾದರು. ಅವರು ತಂದ ಹೊಸ ಪ್ರಾರ್ಥನಾ ಗೀತೆಗಳ ಪುಸ್ತಕಕ್ಕೆ ಲೇವಡಿಯ ಅಡ್ಡಹೆಸರೇ ಹುಟ್ಟಿಕೊಂಡಿತು. ಆದರೆ ಅವರನ್ನು ವಿರೋಧಿಸಿ ಒಂದು ಪುಟ ಅಚ್ಚು ಹಾಕಿಸಬೇಕೆಂದರೂ ಯಂತ್ರ ಅವರದೇ. ಒಳ್ಳೆಯ ಮನಸ್ಸಿನ ಒಬ್ಬನೇ ಒಡೆಯ ಇದ್ದರೂ ಪತ್ರಿಕೆಗೆ ಉಸಿರುಗಟ್ಟುತ್ತದೆ ಎನ್ನುವುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಇದು.

ಹಾಗಾದರೆ ಬೇರೆ ಮಾತು ಆಡಬೇಕಾದವರು ಎಲ್ಲಿಗೆ ಹೋದರು? ಕೋಪನ್‌ಹೇಗನ್ನಿಗೆ. ಐಸ್‌ಲ್ಯಾಂಡಿಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 1911ರಲ್ಲಿ. ಅಲ್ಲಿಯ ತನಕ ಕಾಲೇಜು ಓದಬೇಕಾದ ಹುಡುಗರು ಹಡಗು ಹತ್ತಿ ಡೆನ್ಮಾರ್ಕಿನ ರಾಜಧಾನಿಗೆ ಹೋಗುತ್ತಿದ್ದರು. ಅಲ್ಲಿ ಬಾಡಿಗೆ ಕೋಣೆಗಳಲ್ಲಿ ಕೂತು ತಮ್ಮ ಭಾಷೆಯ ಪತ್ರಿಕೆ ತಂದರು. ವರ್ಷಕ್ಕೊಂದು ಸಂಚಿಕೆ ಅಚ್ಚಾಗಿ ವಸಂತದ ಹಡಗಿನಲ್ಲಿ ಊರಿಗೆ ಬರುತ್ತಿತ್ತು.

ಇವುಗಳಲ್ಲಿ ‘ಸ್ಕೀರ್ನಿರ್’ ಹೆಸರನ್ನು ಮೊದಲು ಹೇಳಬೇಕು. 1816ರಲ್ಲಿ ಐಸ್‌ಲ್ಯಾಂಡಿಕ್ ಸಾಹಿತ್ಯ ಸಂಘ ಹುಟ್ಟಿತು. ಅದರ ಹಿಂದಿದ್ದ ದೊಡ್ಡ ಶಕ್ತಿ ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ರಾಸ್ಮುಸ್ ರಾಸ್ಕ್. ನೂರು ವರ್ಷ ಕಳೆದರೆ ಈ ಭಾಷೆ ಸತ್ತೇಹೋಗುತ್ತದೆ ಎಂದು ಹೆದರಿದ್ದ ಮನುಷ್ಯ. ಆ ಸಂಘ 1827ರಲ್ಲಿ ಶುರು ಮಾಡಿದ ‘ಸ್ಕೀರ್ನಿರ್’ ಇವತ್ತಿಗೂ ಬರುತ್ತಿದೆ. ಉತ್ತರ ಯುರೋಪಿನ ನಾರ್ಡಿಕ್ ದೇಶಗಳಲ್ಲೇ ನಿಂತುಹೋಗದೆ ಬರುತ್ತಿರುವ ಅತಿ ಹಳೆಯ ಸಾಹಿತ್ಯ ಪತ್ರಿಕೆ ಅದು.

ಇನ್ನೊಂದು ‘ಫ್ಯೋಲ್ನಿರ್’, 1835ರಿಂದ 1847ರವರೆಗೆ. ಬಂದದ್ದು ಒಂಬತ್ತೇ ಸಂಪುಟ. ಕವಿ ಯೋನಾಸ್ ಹಾಲ್‌ಗ್ರಿಮ್ಸನ್ ಮತ್ತು ಮೂವರು ಗೆಳೆಯರು ಸೇರಿ ತಂದದ್ದು. ಇವತ್ತು ಅಲ್ಲಿನ ಶಾಲೆ ಮಕ್ಕಳಿಗೂ ಗೊತ್ತಿರುವ ಪತ್ರಿಕೆ ಇದು. ಆದರೆ ಬಂದ ಕಾಲದಲ್ಲಿ ಊರಿನ ಜನ ಇದನ್ನು ತಲೆ ಮೇಲೆ ಹೊತ್ತು ಮೆರೆಸಲಿಲ್ಲ. ಉಚ್ಚಾರಣೆ ಹೇಗಿದೆಯೋ ಹಾಗೇ ಬರೆಯಬೇಕು ಎಂದು ಗೆಳೆಯರಲ್ಲಿ ಒಬ್ಬರಾದ ಕೋನ್‌ರಾದ್ ಗೀಸ್ಲಾಸೋನ್ ಹೊಸ ಕಾಗುಣಿತ ತಂದರು. ಓದುಗರಿಗೆ ಅದು ಹಿಡಿಸಲಿಲ್ಲ. ಕೆಲವು ವರ್ಷಗಳ ನಂತರ ಪತ್ರಿಕೆಯೇ ಅದನ್ನು ಕೈಬಿಟ್ಟಿತು. 1837ರಲ್ಲಿ ಯೋನಾಸ್ ಇನ್ನೊಂದು ದೊಡ್ಡ ಜಗಳ ಎಬ್ಬಿಸಿದರು. ಜನ ಸಂಜೆ ಹೊತ್ತು ಪ್ರೀತಿಯಿಂದ ಹಾಡಿಕೊಳ್ಳುತ್ತಿದ್ದ ರೀಮುರ್ ಗೀತೆಗಳನ್ನು, ಅವನ್ನು ಬರೆಯುತ್ತಿದ್ದ ಜನಪ್ರಿಯ ಕವಿಯನ್ನು ಒಂದು ವಿಮರ್ಶೆಯಲ್ಲಿ ಪೂರ್ತಿ ಹರಿದು ಹಾಕಿದರು. ಆ ಲೇಖನ ಅನ್ಯಾಯ ಎಂದೇ ನನಗೆ ಅನಿಸುತ್ತದೆ. ಆ ಗೀತೆಗಳು ಶತಮಾನಗಳ ಕಾಲ ಭಾಷೆಯನ್ನು ಬಡವರ ಮನೆಯಲ್ಲಿ ಜೀವಂತ ಇಟ್ಟಿದ್ದವು. ಆದರೆ ಅದರಿಂದ ಒಂದು ಲಾಭ ಆಯಿತು. ಕವಿತೆಯ ಬಗ್ಗೆ ಅಚ್ಚಿನಲ್ಲಿ ಜಗಳ ಆಡಬಹುದು ಎಂದು ಆ ದೇಶ ಕಲಿತುಕೊಂಡಿತು.

ಮೂರನೆಯದು ‘ನೀ ಫೆಯೆಲಾಗ್ಸ್‌ರಿತ್’, 1841ರಿಂದ 1873ರವರೆಗೆ. ಇದನ್ನು ನಡೆಸಿದವರು ಸ್ವಾತಂತ್ರ್ಯ ಹೋರಾಟದ ನಾಯಕ ಯೋನ್ ಸಿಗುರ್ದ್‌ಸೋನ್. ಅವರ ಹುಟ್ಟಿದ ದಿನ ಜೂನ್ 17 ಇವತ್ತು ಅಲ್ಲಿ ರಾಷ್ಟ್ರೀಯ ದಿನ. 1848ರಲ್ಲಿ ಡೆನ್ಮಾರ್ಕಿನ ದೊರೆ ತನ್ನ ನಿರಂಕುಶ ಅಧಿಕಾರ ಬಿಟ್ಟುಕೊಟ್ಟ. ಆಗ ಸಿಗುರ್ದ್‌ಸೋನ್ ತಮ್ಮ ಪತ್ರಿಕೆಯಲ್ಲಿ ಒಂದು ವಾದ ಮುಂದಿಟ್ಟರು. ನಮ್ಮ ಹಿರಿಯರು 1262ರಲ್ಲಿ ಒಪ್ಪಂದ ಮಾಡಿಕೊಂಡದ್ದು ದೊರೆಯ ಜೊತೆಗೆ, ಡೇನಿಶ್ ಜನರ ಜೊತೆಗಲ್ಲ. ದೊರೆ ಅಧಿಕಾರ ಬಿಟ್ಟರೆ ಅದು ನಮ್ಮ ಕೈಗೇ ವಾಪಸ್ ಬರಬೇಕು. ಮುಂದಿನ ಸುಮಾರು ನೂರು ವರ್ಷದ ಹೋರಾಟ ಈ ವಾದದ ಮೇಲೇ ನಿಂತಿತು. ಅಲ್ಲಿ ಬಂದೂಕು ಹಿಡಿದವರಿಲ್ಲ. ಸ್ವಾತಂತ್ರ್ಯ ಹೋರಾಟ ಬಹುಮಟ್ಟಿಗೆ ನಡೆದದ್ದು ಪತ್ರಿಕೆಯ ಪುಟಗಳಲ್ಲಿ ಮತ್ತು ಸಭೆಗಳಲ್ಲಿ.

ಇನ್ನು ಆ ಪ್ರೀತಿಯ ಮೊದಲ ಪತ್ರಿಕೆ. ಹೆಸರು ‘ಥ್ಯೋದೋಲ್ವುರ್’. ಹುಟ್ಟಿದ್ದು ನವೆಂಬರ್ 5, 1848, ರೇಕ್ಯಾವಿಕ್‌ನಲ್ಲಿ. ಆಗ ಇಡೀ ದೇಶದ ಜನಸಂಖ್ಯೆ 60,000 ಮುಟ್ಟಿರಲಿಲ್ಲ. ರಾಜಧಾನಿಯಲ್ಲಿ ಸಾವಿರದ ಚಿಲ್ಲರೆ ಜನ. ಆ ಒಂದೇ ಮುದ್ರಣಾಲಯ 1844ರಲ್ಲಿ ರೇಕ್ಯಾವಿಕ್‌ಗೆ ಬಂದಿತ್ತು, ಸರ್ಕಾರದ ಅಧಿಕಾರಿಗಳ ಕೈಕೆಳಗೆ. ಸಂಪಾದಕ ಸ್ವೈನ್‌ಬ್ಯೋರ್ನ್ ಹಾಲ್‌ಗ್ರಿಮ್ಸನ್ ಸುಮ್ನಿರುವ ಜಾತಿಯವರಲ್ಲ. 1850ರಲ್ಲಿ ರೇಕ್ಯಾವಿಕ್‌ನ ದೊಡ್ಡ ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಎದ್ದು ನಿಂತು, ಈ ಪಾದ್ರಿ ನಮಗೆ ಬೇಡ, ಬೇರೆಯವರು ಬೇಕು ಎಂದು ಎಲ್ಲರ ಎದುರು ಹೇಳಿದರು. ಅಧಿಕಾರಿಗಳು ಅವರ ಪತ್ರಿಕೆಯನ್ನು ಅಚ್ಚು ಹಾಕಬಾರದು ಎಂದು ಮುದ್ರಣಾಲಯಕ್ಕೆ ಆಜ್ಞೆ ಕೊಟ್ಟರು. ಬೇರೆ ಮುದ್ರಣಾಲಯವೇ ಇಲ್ಲ! ಸ್ವೈನ್‌ಬ್ಯೋರ್ನ್ ಹಡಗು ಹತ್ತಿ ಕೋಪನ್‌ಹೇಗನ್ನಿಗೆ ಹೋದರು. ಹೆಸರನ್ನು ಸ್ವಲ್ಪ ತಿದ್ದಿ ‘ಹ್ಲ್ಯೋದೋಲ್ವುರ್’ ಎಂದು ಅಲ್ಲಿ ಅಚ್ಚು ಹಾಕಿಸಿದರು. ಒಂದು ಸಂಚಿಕೆಗಾಗಿ ಅಟ್ಲಾಂಟಿಕ್ ದಾಟಿದ ಸಂಪಾದಕ.

ಈ ಘಟನೆಯಿಂದ ಜನ ಪಾಠ ಕಲಿತರು ಎಂದು ಕಾಣುತ್ತದೆ. ಉತ್ತರ ಭಾಗದವರು ಹಣ ಕೂಡಿಸಿ 1852ರಲ್ಲಿ ಆಕುರೇರಿಯಲ್ಲಿ ಇನ್ನೊಂದು ಯಂತ್ರ ನಿಲ್ಲಿಸಿದರು. ಮುಂದಿನ ವರ್ಷವೇ ‘ನೋರ್ದ್ರಿ’ ಪತ್ರಿಕೆ ಬಂತು. ಒಬ್ಬನೇ ಒಡೆಯನ ಕಾಲ ಮುಗಿಯಿತು. ‘ಥ್ಯೋದೋಲ್ವುರ್’ ಕೂಡ ಊರಿಗೆ ಮರಳಿ 20ನೇ ಶತಮಾನದ ತನಕ ನಡೆಯಿತು. ರಾಷ್ಟ್ರಗೀತೆ ಬರೆದ ಮತ್ತೀಯಾಸ್ ಯೋಕುಮ್‌ಸೋನ್ ಕೂಡ 1874ರಿಂದ ಕೆಲವು ವರ್ಷ ಅದರ ಸಂಪಾದಕರಾಗಿದ್ದರು.

1874ರಲ್ಲಿ ಐಸ್‌ಲ್ಯಾಂಡಿಗೆ ಸ್ವಂತ ಸಂವಿಧಾನ ಸಿಕ್ಕಿತು. ಅದೇ ವರ್ಷ ಬ್ಯೋರ್ನ್ ಯೋನ್ಸೋನ್ ‘ಈಸಾಫೋಲ್ದ್’ ಪತ್ರಿಕೆ ಶುರು ಮಾಡಿದರು. ಇವರ ಮನೆತನದ ಕಥೆ ಕೇಳಿ. ಇವರು 1909ರಲ್ಲಿ ದೇಶದ ಮಂತ್ರಿಯಾದರು, ಆಗ ಇದ್ದದ್ದೇ ಒಬ್ಬ ಮಂತ್ರಿ. ಒಬ್ಬ ಮಗ ಸ್ವೈನ್ 1944ರಲ್ಲಿ ಗಣರಾಜ್ಯದ ಮೊದಲ ಅಧ್ಯಕ್ಷರಾದರು. ಇನ್ನೊಬ್ಬ ಮಗ ಓಲಾವುರ್ ಇವತ್ತಿಗೂ ನಡೆಯುತ್ತಿರುವ ‘ಮೋರ್ಗನ್‌ಬ್ಲಾದಿದ್’ ದಿನಪತ್ರಿಕೆಯ ಸ್ಥಾಪಕರಲ್ಲಿ ಒಬ್ಬರು. ಚಿಕ್ಕ ದೇಶದಲ್ಲಿ ಪತ್ರಿಕೆ, ರಾಜಕೀಯ, ಮನೆತನ ಎಲ್ಲ ಒಂದೇ ಊಟದ ಮೇಜಿನ ಸುತ್ತ ಕೂರುತ್ತವೆ. ಅದರ ಲಾಭವೂ ಇದೆ, ಅಪಾಯವೂ ಇದೆ.

19ನೇ ಶತಮಾನದ ಕೊನೆಯ 25 ವರ್ಷ ನನಗೆ ಬಹಳ ಇಷ್ಟವಾದ ಕಾಲ. ಕೆಲವು ನೂರು ಜನ ಇರುವ ಕರಾವಳಿ ಊರುಗಳಲ್ಲೂ ಪತ್ರಿಕೆ ಹುಟ್ಟಿತು. ಪೂರ್ವದಲ್ಲಿ ಸೇದಿಸ್‌ಫ್ಯೋರ್ದುರ್ ಎಂಬ ಹೆರಿಂಗ್ ಮೀನಿನ ಊರು ಇದೆ. ಅಲ್ಲಿ ‘ಆಸ್ತ್ರಿ’, ‘ಬ್ಯಾರ್ಕಿ’ ಎಂದು ಒಂದಕ್ಕೊಂದು ಪೈಪೋಟಿ ಕೊಡುವ ಪತ್ರಿಕೆಗಳೇ ಇದ್ದವು. ವಾಯವ್ಯದ ಈಸಾಫ್ಯೋರ್ದುರ್‌ನಲ್ಲಿ ಸ್ಕೂಲಿ ತೊರೊದ್ಸೆನ್ ಎಂಬ ಜಿಲ್ಲಾಧಿಕಾರಿ 1886ರಿಂದ ‘ಥ್ಯೋದ್‌ವಿಲ್ಯಿನ್’ ಪತ್ರಿಕೆಯ ಮೂಲಕ ತಾನು ಕೆಲಸ ಮಾಡುತ್ತಿದ್ದ ಸರ್ಕಾರವನ್ನೇ ಟೀಕಿಸಿದ. ಅವನನ್ನು ಕೆಲಸದಿಂದ ತೆಗೆದು ಕೇಸು ಹಾಕಿದರು. 1895ರಲ್ಲಿ ಮೇಲಿನ ಕೋರ್ಟು ಅವನನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ ಅವನು ಜನನಾಯಕನೇ ಆಗಿಬಿಟ್ಟಿದ್ದ.

ಅಚ್ಚು ಹಾಕಲು ದುಡ್ಡಿಲ್ಲದ ಹಳ್ಳಿಗಳು ಏನು ಮಾಡಿದವು ಗೊತ್ತಾ? ಕೈಬರಹದ ಪತ್ರಿಕೆ ತಂದವು. ಯುವಕ ಸಂಘವೋ ಓದುಗರ ಸಂಘವೋ ಒಂದೇ ಪ್ರತಿ ಬರೆಯುತ್ತಿತ್ತು. ಅದು ಒಂದು ಹೊಲಮನೆಯಿಂದ ಇನ್ನೊಂದಕ್ಕೆ ಕೈಯಿಂದ ಕೈಗೆ ಹೋಗುತ್ತಿತ್ತು. ಕುರಿ ಸಾಕಣೆಯ ಲೇಖನ, ದೇವರು ಇದ್ದಾನೋ ಇಲ್ಲವೋ ಎಂಬ ವಾದ, ಕವಿತೆ, ಸಹಕಾರ ಸಂಘದ ಲೆಕ್ಕ. ಈಶಾನ್ಯದ ಥಿಂಗೇಯಾರ್ ಸೀಮೆ ಇದಕ್ಕೆ ಹೆಸರುವಾಸಿ. ಅದೇ ಸೀಮೆಯಿಂದ ಸಹಕಾರ ಚಳವಳಿಯೂ ಹುಟ್ಟಿತು. ಹೀಗೆ ಬರೆಯಲು ಕಲಿತ ರೈತರೇ ಮುಂದೆ ಅಚ್ಚಿನ ಪತ್ರಿಕೆಗಳಿಗೆ ಲೇಖಕರಾದರು.

ಹೆಂಗಸರೂ ಇದೇ ಕಾಲದಲ್ಲಿ ಮುಂದೆ ಬಂದರು. 1885ರಲ್ಲಿ ‘ಫ್ಯಾಲ್‌ಕೋನನ್’ ಪತ್ರಿಕೆಯಲ್ಲಿ ಹೆಣ್ಣುಮಕ್ಕಳ ಓದು ಮತ್ತು ಹಕ್ಕಿನ ಬಗ್ಗೆ ಒಂದು ಲೇಖನ ಬಂತು. ಬರೆದವರ ಹೆಸರು ಐಸಾ ಎಂದಿತ್ತು. ಅದು ಬ್ರಿಯೆತ್ ಬ್ಯಾರ್ನ್‌ಹೆದಿನ್ಸ್‌ದೋತ್ತಿರ್ ಎಂಬ ರೈತನ ಮಗಳ ಗುಪ್ತನಾಮ. ಅಲ್ಲಿನ ಪತ್ರಿಕೆಯಲ್ಲಿ ಹೆಣ್ಣೊಬ್ಬಳು ಬರೆದ ಮೊದಲ ಲೇಖನ ಇದು ಎನ್ನುತ್ತಾರೆ. ಆ ಪತ್ರಿಕೆಯ ಸಂಪಾದಕರನ್ನೇ ಅವರು ಮುಂದೆ ಮದುವೆಯಾದರು. 1895ರಲ್ಲಿ ‘ಕ್ವೆನ್ನಾಬ್ಲಾದಿದ್’ ಎಂಬ ಮಹಿಳಾ ಪತ್ರಿಕೆ ಶುರು ಮಾಡಿ 1919ರ ತನಕ ನಡೆಸಿದರು. ಅಡುಗೆ, ಮನೆ ನಿರ್ವಹಣೆಯ ಜೊತೆಗೆ ಮತದಾನದ ಹಕ್ಕಿನ ಮಾತು ಸೇರಿಸುತ್ತಾ ಹೋದರು. 1908ರಲ್ಲಿ ಹೆಂಗಸರದೇ ಪಟ್ಟಿಯಿಂದ ನಾಲ್ವರು ರೇಕ್ಯಾವಿಕ್ ನಗರಸಭೆಗೆ ಗೆದ್ದರು. ಅದರಲ್ಲಿ ಬ್ರಿಯೆತ್ ಕೂಡ ಒಬ್ಬರು. 1915ರಲ್ಲಿ 40 ದಾಟಿದ ಹೆಂಗಸರಿಗೆ, 1920ರಲ್ಲಿ ಗಂಡಸರಿಗೆ ಸಮನಾಗಿ ಎಲ್ಲ ಹೆಂಗಸರಿಗೆ ಸಂಸತ್ತಿನ ಮತ ಸಿಕ್ಕಿತು. ಬ್ರಿಯೆತ್ ಪತ್ರಿಕೆಗಿಂತ ಸ್ವಲ್ಪ ಮೊದಲೇ ಸೇದಿಸ್‌ಫ್ಯೋರ್ದುರ್‌ನಲ್ಲಿ ಒಬ್ಬ ತಾಯಿ ಮತ್ತು ಮಗಳು ಸೇರಿ ‘ಫ್ರಾಮ್‌ಸೋಕ್ನ್’ ಎಂಬ ಮಹಿಳಾ ಪತ್ರಿಕೆ ತಂದಿದ್ದರು. ಅದನ್ನು ಮರೆಯುವವರು ಜಾಸ್ತಿ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಅತ್ತ 1870ರ ದಶಕದಿಂದ ಬಡತನ, ಚಳಿ, ಜ್ವಾಲಾಮುಖಿಯ ಬೂದಿಯಿಂದ ಬೇಸತ್ತ ಸಾವಿರಾರು ಜನ ಕೆನಡಾಕ್ಕೆ ವಲಸೆ ಹೋದರು. ವಿನಿಪೆಗ್ ಸರೋವರದ ದಡದಲ್ಲಿ ನೆಲೆ ನಿಂತ ಮರು ವರ್ಷವೇ ಸಿಡುಬು ಬಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ಸಾವುಗಳು ಕಳೆದ ಕೆಲವೇ ತಿಂಗಳಿಗೆ, 1877ರ ಸೆಪ್ಟೆಂಬರಿನಲ್ಲಿ, ಅದೇ ವಸತಿಯಿಂದ ‘ಫ್ರಾಮ್‌ಫಾರಿ’ ಎಂಬ ಐಸ್‌ಲ್ಯಾಂಡಿಕ್ ಪತ್ರಿಕೆ ಅಚ್ಚಾಗಿ ಬಂತು. ಮನೆಗಳೇ ಸರಿಯಾಗಿಲ್ಲದ ಕಡೆ ಅಚ್ಚಿನ ಯಂತ್ರ! ಮುಂದೆ ವಿನಿಪೆಗ್ ನಗರದಲ್ಲಿ 1886ರಲ್ಲಿ ‘ಹೈಮ್ಸ್‌ಕ್ರಿಂಗ್ಲಾ’, 1888ರಲ್ಲಿ ‘ಲೋಗ್‌ಬೆರ್ಗ್’ ಹುಟ್ಟಿ ದಶಕಗಟ್ಟಲೆ ಒಂದನ್ನೊಂದು ಬೈದುಕೊಂಡವು. 1959ರಲ್ಲಿ ಎರಡೂ ಸೇರಿ ಒಂದಾದವು. ಆ ಜೋಡಿ ಹೆಸರಿನ ಪತ್ರಿಕೆ ಇವತ್ತಿಗೂ ಇದೆ, ಈಗ ಬಹುಪಾಲು ಇಂಗ್ಲಿಷ್‌ನಲ್ಲಿ.

ದಿನಪತ್ರಿಕೆ ಬರಲು ದಿನವೂ ಸುದ್ದಿ ಬೇಕು. ಹಡಗು ಬಂದಾಗ ಮಾತ್ರ ಹೊರಗಿನ ಸುದ್ದಿ ಬರುವ ದ್ವೀಪದಲ್ಲಿ ಅದು ಕಷ್ಟ. 1890ರ ದಶಕದಲ್ಲಿ ಕವಿ ಐನಾರ್ ಬೆನೆದಿಕ್ತ್‌ಸೋನ್ ‘ದಾಗ್‌ಸ್ಕ್ರಾ’ ಪತ್ರಿಕೆಯನ್ನು ದಿನವೂ ತರಲು ಪ್ರಯತ್ನಿಸಿದರು. ಬಹಳ ಕಾಲ ನಿಲ್ಲಲಿಲ್ಲ. 1906ರಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿ ಬಂತು. ಅಲ್ಲಿಂದ ಚಿತ್ರ ಬದಲಾಯಿತು. 1910ರಲ್ಲಿ ‘ವೀಸಿರ್’, 1913ರ ನವೆಂಬರ್ 2ರಂದು ‘ಮೋರ್ಗನ್‌ಬ್ಲಾದಿದ್’. ಇದರ ಸಂಪಾದಕ ವಿಲ್ಯಾಲ್ಮುರ್ ಫಿನ್ಸೆನ್ ಕೋಪನ್‌ಹೇಗನ್ನಿನ ದೊಡ್ಡ ದಿನಪತ್ರಿಕೆಯಲ್ಲಿ ಕೆಲಸ ಕಲಿತು ಬಂದವರು. ಜನ ಇದನ್ನು ‘ಮೋಗಿ’ ಎಂದು ಸಲುಗೆಯಿಂದ ಕರೆಯುತ್ತಾರೆ. 1919ರಲ್ಲಿ ರೇಕ್ಯಾವಿಕ್‌ನ ವರ್ತಕರು ಇದನ್ನು ಕೊಂಡರು.

ಆಮೇಲೆ ಬಂದದ್ದು ಪಕ್ಷಗಳ ಯುಗ. ರೈತರ ಪಕ್ಷಕ್ಕೆ ‘ತೀಮಿನ್’, ಸಮಾಜವಾದಿ ಕಾರ್ಮಿಕರಿಗೆ ‘ಆಲ್‌ಥೀದುಬ್ಲಾದಿದ್’, ಕಮ್ಯುನಿಸ್ಟರಿಗೆ 1936ರಿಂದ ಇನ್ನೊಂದು ‘ಥ್ಯೋದ್‌ವಿಲ್ಯಿನ್’, ಬಲಪಂಥಕ್ಕೆ ‘ಮೋರ್ಗನ್‌ಬ್ಲಾದಿದ್’. ಮನೆಗೆ ಯಾವ ಪತ್ರಿಕೆ ಬರುತ್ತದೆ ಎಂದು ನೋಡಿದರೆ ಓಟು ಯಾರಿಗೆ ಎಂದು ತಿಳಿಯುತ್ತಿತ್ತು. ಯುದ್ಧಕಾಲದಲ್ಲಿ, 1940ರಲ್ಲಿ, ಬ್ರಿಟಿಷ್ ಸೇನೆ ದೇಶದೊಳಗೆ ಬಂತು. 1941ರಲ್ಲಿ ಅದು ‘ಥ್ಯೋದ್‌ವಿಲ್ಯಿನ್’ ಪತ್ರಿಕೆಯನ್ನು ನಿಷೇಧಿಸಿ ಮೂವರನ್ನು ಬ್ರಿಟನ್ನಿಗೆ ಹಿಡಿದುಕೊಂಡು ಹೋಯಿತು. ಅವರಲ್ಲೊಬ್ಬರು ಸಂಸತ್ ಸದಸ್ಯ. ಪತ್ರಿಕೆಯನ್ನು ದ್ವೇಷಿಸುತ್ತಿದ್ದ ಎದುರಾಳಿಗಳಿಗೂ ಇದು ಸರಿ ಕಾಣಲಿಲ್ಲ.

‘ಮೋರ್ಗನ್‌ಬ್ಲಾದಿದ್’ ಯಾಕೆ ಎಲ್ಲರನ್ನೂ ಮೀರಿ ಬೆಳೆಯಿತು? ಸುಮಾರು 1990ರಲ್ಲಿ ಎರಡೂವರೆ ಲಕ್ಷ ಜನಕ್ಕೆ ಅದು ಸುಮಾರು 50,000 ಪ್ರತಿ ಅಚ್ಚಾಗುತ್ತಿತ್ತು. ವರ್ತಕರ ಬೆಂಬಲ, ಜಾಹೀರಾತು ಎಲ್ಲ ಇತ್ತು, ಸರಿ. ಆದರೆ ನನ್ನ ಪ್ರಕಾರ ದೊಡ್ಡ ಕಾರಣ ಅದರ ಶ್ರದ್ಧಾಂಜಲಿ ಪುಟಗಳು. ಅಲ್ಲಿ ಯಾರು ತೀರಿಕೊಂಡರೂ, ಅವರು ಮಂತ್ರಿಯಾಗಿರಲಿ ಮೀನು ಕೊಯ್ಯುವ ಹೆಂಗಸಾಗಿರಲಿ, ಶವಸಂಸ್ಕಾರದ ದಿನ ಪತ್ರಿಕೆಯಲ್ಲಿ ಅವರ ಬಗ್ಗೆ ಲೇಖನ ಬರುತ್ತದೆ. ಬರೆಯುವವರು ವರದಿಗಾರರಲ್ಲ. ಮಕ್ಕಳು, ಮೊಮ್ಮಕ್ಕಳು, ಜೊತೆ ಕೆಲಸ ಮಾಡಿದವರು, ಪಕ್ಕದ ಮನೆಯವರು. ಒಬ್ಬರ ಬಗ್ಗೆ ಹತ್ತು ಜನ ಬರೆದದ್ದೂ ಇದೆ. ಎಡಪಂಥದವರು ಈ ಪತ್ರಿಕೆಯನ್ನು ಬೈಯುತ್ತಲೇ ಇದೇ ಪುಟಕ್ಕಾಗಿ ತರಿಸುತ್ತಿದ್ದರು. ಇಡೀ ದೇಶ ತನ್ನ ಪ್ರತಿಯೊಬ್ಬ ಮನುಷ್ಯನನ್ನೂ ಅಚ್ಚಿನಲ್ಲಿ ನೆನೆಯುವ ಇಂಥ ಪದ್ಧತಿ ಇಷ್ಟು ದೊಡ್ಡ ಮಟ್ಟದಲ್ಲಿ ನಾನು ಬೇರೆಲ್ಲೂ ನೋಡಿಲ್ಲ.

ಪಕ್ಷದ ಪತ್ರಿಕೆಗಳು ಸರ್ಕಾರದ ಸಹಾಯಧನ ಇದ್ದರೂ 1990ರ ದಶಕದಲ್ಲಿ ಒಂದೊಂದಾಗಿ ಮುಚ್ಚಿದವು. 2001ರಲ್ಲಿ ‘ಫ್ರೆಯೆತ್ತಾಬ್ಲಾದಿದ್’ ಎಂಬ ಪತ್ರಿಕೆ ಪುಕ್ಕಟೆಯಾಗಿ ಮನೆಬಾಗಿಲಿಗೆ ಬರತೊಡಗಿತು. ಕೆಲವೇ ವರ್ಷದಲ್ಲಿ ಅದೇ ದೇಶದ ಅತಿ ಹೆಚ್ಚು ಜನ ಓದುವ ಪತ್ರಿಕೆಯಾಯಿತು. ಅದರ ಹಿಂದೆ ಸೂಪರ್‌ಮಾರ್ಕೆಟ್ ಸರಣಿ ಇದ್ದ ಬೌಗುರ್ ಕಂಪನಿಯ ದುಡ್ಡಿತ್ತು. ಪ್ರಧಾನಿ ದಾವೀದ್ ಓದ್‌ಸೋನ್ ಅವರಿಗೂ ಆ ಕಂಪನಿಗೂ ಆಗುತ್ತಿರಲಿಲ್ಲ. 2004ರಲ್ಲಿ ಅವರ ಸರ್ಕಾರ ಮಾಧ್ಯಮ ಒಡೆತನಕ್ಕೆ ಮಿತಿ ಹಾಕುವ ಕಾನೂನು ತಂದಿತು. ಅಧ್ಯಕ್ಷ ಓಲಾವುರ್ ರಾಗ್ನಾರ್ ಗ್ರಿಮ್ಸನ್ ಅದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಗಣರಾಜ್ಯದ ಇತಿಹಾಸದಲ್ಲಿ ಅಧ್ಯಕ್ಷರು ಸಹಿ ನಿರಾಕರಿಸಿದ್ದು ಅದೇ ಮೊದಲು. ಕಾನೂನು ವಾಪಸ್ ಹೋಯಿತು.

2008ರ ಅಕ್ಟೋಬರಿನಲ್ಲಿ ದೇಶದ ಮೂರೂ ದೊಡ್ಡ ಬ್ಯಾಂಕುಗಳು ಬಿದ್ದವು. ಪತ್ರಿಕೆಗಳು ಮೊದಲೇ ಯಾಕೆ ಎಚ್ಚರಿಸಲಿಲ್ಲ ಎಂದು ಜನ ಕೇಳಿದರು. ಕೇಳಲೇಬೇಕಿತ್ತು, ಯಾಕೆಂದರೆ ಮುಖ್ಯ ಪತ್ರಿಕೆಗಳ ಒಡೆಯರಲ್ಲಿ ಆ ಬ್ಯಾಂಕುಗಳ ಜೊತೆ ಗಟ್ಟಿ ವ್ಯವಹಾರ ಇದ್ದವರಿದ್ದರು. 2010ರಲ್ಲಿ ತನಿಖಾ ಆಯೋಗ ಸಾವಿರಾರು ಪುಟದ ವರದಿ ಕೊಟ್ಟಿತು. ಅದರಲ್ಲಿ ಮಾಧ್ಯಮಗಳ ಸೋಲಿನ ಮಾತೂ ಇತ್ತು. ರೇಕ್ಯಾವಿಕ್‌ನ ನಗರ ರಂಗಮಂದಿರದಲ್ಲಿ ನಟರು ಆ ವರದಿಯನ್ನು ಹಗಲು ರಾತ್ರಿ ಸರದಿಯ ಮೇಲೆ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಮೇಲೆ ಹೇಳಿದ ಚಳಿಗಾಲದ ಓದು ನೆನಪಾಗುತ್ತದೆ, ಅಲ್ವಾ?

ಅಷ್ಟರಲ್ಲಿ ‘ಮೋರ್ಗನ್‌ಬ್ಲಾದಿದ್’ ಸಾಲದಲ್ಲಿ ಮುಳುಗಿ ಮೀನುಗಾರಿಕೆ ಕಂಪನಿಗಳ ಪಾಲುದಾರಿಕೆಗೆ ಹೋಗಿತ್ತು. 2009ರಲ್ಲಿ ಅವರು ಸಂಪಾದಕರಾಗಿ ತಂದದ್ದು ಅದೇ ದಾವೀದ್ ಓದ್‌ಸೋನ್ ಅವರನ್ನು. ಬ್ಯಾಂಕುಗಳು ಬಿದ್ದಾಗ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿದ್ದವರು ಅವರೇ. ಬಹಳಷ್ಟು ಚಂದಾದಾರರು ಪತ್ರಿಕೆ ಬಿಟ್ಟರು. ಕುಸಿತದ ವರದಿ ಮಾಡಬೇಕಾದ ಪತ್ರಿಕೆಗೆ ಆ ಕಥೆಯ ಮುಖ್ಯ ಪಾತ್ರವೇ ಸಂಪಾದಕ ಆಗುವುದು ತಪ್ಪು ಎಂದೇ ನಾನು ಭಾವಿಸುತ್ತೇನೆ.

ಈ ಬೇಸರದಿಂದಲೇ ಹೊಸ ಚಿಕ್ಕ ಪತ್ರಿಕೆಗಳು ಹುಟ್ಟಿದವು. 2015ರಲ್ಲಿ ಕೆಲವು ಪತ್ರಕರ್ತರು ಜನರಿಂದಲೇ ಹಣ ಕೂಡಿಸಿ ‘ಸ್ತುಂದಿನ್’ ಶುರು ಮಾಡಿದರು. 2016ರ ಏಪ್ರಿಲ್‌ನಲ್ಲಿ, ವಿದೇಶದ ಗುಪ್ತ ಕಂಪನಿಗಳ ವಿವರ ಇದ್ದ ಪನಾಮಾ ದಾಖಲೆಗಳು ಹೊರಬಂದಾಗ ‘ರೇಕ್ಯಾವಿಕ್ ಮೀಡಿಯಾ’ ಎಂಬ ಪುಟ್ಟ ತಂಡದ ವರದಿಯಿಂದ ಪ್ರಧಾನಿ ಸಿಗ್ಮುಂದುರ್ ದಾವೀದ್ ಗುನ್‌ಲಾಗ್‌ಸೋನ್ ಹುದ್ದೆ ಬಿಡಬೇಕಾಯಿತು. 2017ರ ಚುನಾವಣೆಗೆ ಎರಡು ವಾರ ಕೂಡ ಇಲ್ಲದಾಗ, ಅಂದಿನ ಪ್ರಧಾನಿಯ ಬ್ಯಾಂಕ್ ವ್ಯವಹಾರದ ಬಗ್ಗೆ ಬರೆಯಬಾರದು ಎಂದು ‘ಸ್ತುಂದಿನ್’ ಮೇಲೆ ತಡೆಯಾಜ್ಞೆ ಬಂತು. ಕೇಸು 2019ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯಿತು, ಪತ್ರಿಕೆ ಗೆದ್ದಿತು. ಆದರೆ ಚುನಾವಣೆ ಮುಗಿದು ವರ್ಷವೇ ಕಳೆದಿತ್ತು.

ಈಗಿನ ಸ್ಥಿತಿ ಸುಲಭದ್ದಲ್ಲ. ‘ಫ್ರೆಯೆತ್ತಾಬ್ಲಾದಿದ್’ 2023ರ ಮಾರ್ಚ್ 31ರಂದು ಮುಚ್ಚಿತು. ಕಾಗದದಲ್ಲಿ ಬರುವ ಸಾಮಾನ್ಯ ದಿನಪತ್ರಿಕೆಯಾಗಿ ‘ಮೋರ್ಗನ್‌ಬ್ಲಾದಿದ್’ ಒಂದೇ ಉಳಿಯಿತು. ಅದೇ ವರ್ಷದ ಶುರುವಿನಲ್ಲಿ ‘ಸ್ತುಂದಿನ್’ ಮತ್ತು ‘ಕ್ಯಾರ್ನಿನ್’ ಸೇರಿ ‘ಹೈಮಿಲ್ದಿನ್’ ಆದವು. ಜಾಹೀರಾತಿನ ದುಡ್ಡು ಗೂಗಲ್, ಫೇಸ್‌ಬುಕ್ ಕಡೆ ಹರಿಯುತ್ತಿದೆ. ಹುಡುಗರು ಇಂಗ್ಲಿಷ್‌ನಲ್ಲೇ ನೋಡುತ್ತಾರೆ, ಓದುತ್ತಾರೆ. 2021ರಿಂದ ಸರ್ಕಾರ ಖಾಸಗಿ ಸುದ್ದಿ ಸಂಸ್ಥೆಗಳಿಗೆ ನೆರವು ಕೊಡುವ ಕಾನೂನು ತಂದಿದೆ. ನಾಲ್ಕು ಲಕ್ಷಕ್ಕಿಂತ ಕಡಿಮೆ ಜನರ ಭಾಷೆಗೆ ಇಂಥ ನೆರವು ಬೇಕೇ ಬೇಕು ಎಂದು ನಾನು ನಂಬುತ್ತೇನೆ. ಆದರೆ ಯಾರಿಗೆ ಎಷ್ಟು ಎಂದು ತೀರ್ಮಾನಿಸುವುದು ಮಂತ್ರಿಗಳ ಕೈಯಿಂದ ದೂರ ಇರಬೇಕು.

ಹಳೆಯ ಸಂಚಿಕೆಗಳ ವಿಷಯದಲ್ಲಿ ಸಿಹಿ ಸುದ್ದಿ ಇದೆ. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ‘ತೀಮರಿತ್ ಡಾಟ್ ಐಎಸ್’ ಎಂಬ ತಾಣದಲ್ಲಿ ಲಕ್ಷಗಟ್ಟಲೆ ಪುಟಗಳನ್ನು ಪುಕ್ಕಟೆಯಾಗಿ ಇಟ್ಟಿದೆ. ‘ಫ್ಯೋಲ್ನಿರ್’, ‘ಥ್ಯೋದೋಲ್ವುರ್’, ‘ಕ್ವೆನ್ನಾಬ್ಲಾದಿದ್’ ಎಲ್ಲ ಅಲ್ಲಿವೆ. ಕೆನಡಾದ ‘ಲೋಗ್‌ಬೆರ್ಗ್’, ‘ಹೈಮ್ಸ್‌ಕ್ರಿಂಗ್ಲಾ’ ಕೂಡ ಇವೆ. ತಾಣಕ್ಕೆ ಇಂಗ್ಲಿಷ್ ಮುಖಪುಟವೂ ಇದೆ. ಭಾಷೆ ಬಾರದಿದ್ದರೂ ಪುಟ ನೋಡಬಹುದು, ಅನುವಾದದ ಆ್ಯಪ್ ಇಟ್ಟುಕೊಂಡರೆ ಅಲ್ಪಸ್ವಲ್ಪ ಓದಲೂಬಹುದು. ನನ್ನ ಸಲಹೆ ಇಷ್ಟೇ. ಮೊದಲು 1848ರ ನವೆಂಬರ್ 5ರ ‘ಥ್ಯೋದೋಲ್ವುರ್’ ತೆರೆಯಿರಿ. ಆಮೇಲೆ 1913ರ ನವೆಂಬರ್ 2ರ ‘ಮೋರ್ಗನ್‌ಬ್ಲಾದಿದ್’ ನೋಡಿ, ಮುಖಪುಟದಲ್ಲಿ ಜಾಹೀರಾತಿಗೆ ಎಷ್ಟು ಜಾಗ ಹೋಗಿದೆ ಎಂದು ಗಮನಿಸಿ. ಅದಾದ ಮೇಲೆ 1960ರ ಅಥವಾ 70ರ ದಶಕದ ಯಾವುದಾದರೂ ಒಂದು ದಿನದ ಶ್ರದ್ಧಾಂಜಲಿ ಪುಟಗಳಿಗೆ ಹೋಗಿ.